ಕಾಕಾನ ಹೊಟ್ಟೆಗೆ ಮಚ್ಚರದಾನಿ

ನಮ್ಮ ಕಾಕಾ ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ. ಈ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ರೇಟು ಹೇಳುವಾಗಲೂ 75 ಕೆಜಿ ಚೀಲಕ್ಕೆ ಇಷ್ಟು ಅಂತಲೇ ಹೇಳುತ್ತಾರೆ. ಅದನ್ನು ಬೆನ್ನಿಗೆ ಹಾಕಿಕೊಂಡು ಹಲಗೆ ಮೇಲೆ ನಡೆದು ಲಾರಿ ತುಂಬುವುದು ಅವನ ಕೆಲಸ. ಹಾಗಾಗಿ ಬಲಗಡೆ ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡಾಗ ಅವನೇನೂ ಗಾಬರಿಯಾಗಲಿಲ್ಲ. ಅದು ಹರ್ನಿಯಾ, ಹೊಟ್ಟೆಯ ಗೋಡೆ ಸಡಿಲಾದ ಕಡೆ ಕರುಳು ಹೊರಗೆ ಉಬ್ಬುವುದು. ಹಮಾಲರಲ್ಲಿ ಅದು ಹೊಸ ಸುದ್ದಿಯಲ್ಲ. ಲಂಗೋಟಿ ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ಹೋದ. ಮಲಗಿದರೆ ಗಂಟು ಒಳಗೆ ಹೋಗುತ್ತಿತ್ತು, ಎದ್ದು ಕೆಮ್ಮಿದರೆ ಮತ್ತೆ ಹೊರಗೆ. ಸುಗ್ಗಿ ಮೇಲೆ ಸುಗ್ಗಿ ಹೀಗೇ ಹೋಯಿತು.

ಒಂದು ರಾತ್ರಿ ಮಾತ್ರ ಗಂಟು ಒಳಗೆ ಹೋಗಲೇ ಇಲ್ಲ. ನೋವು, ವಾಂತಿ. ಬೆಳಗಿನ ಜಾವ ಹೇಗೋ ತಾನೇ ಸರಿದುಕೊಂಡಿತು. ಚಿಗವ್ವ ಮುಂಜಾನೆಯೇ ನನಗೆ ಫೋನ್ ಮಾಡಿದಳು. ‘ನಿನ್ನ ಮಾತಾದ್ರೂ ಕೇಳ್ತಾನೇನು ನೋಡು’ ಅಂದಳು. ಅವನನ್ನು ರಾಯಚೂರಿಗೆ ಕರೆಸಿಕೊಂಡು ಒಬ್ಬ ಸರ್ಜನ್ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ನಿಲ್ಲಿಸಿ ಕೆಮ್ಮಿಸಿದರು. ಆಮೇಲೆ ಬೀಡಿ ಎಷ್ಟು ಸೇದುತ್ತೀರಿ, ಕೆಮ್ಮು ಎಷ್ಟು ದಿನದಿಂದ ಇದೆ, ಸಂಡಾಸಕ್ಕೆ ತಿಣುಕಬೇಕಾ ಅಂತ ಕೇಳಿದರು. ಕಾಕಾನಿಗೆ ಇದು ಹಿಡಿಸಲಿಲ್ಲ. ಚೀಲ ಹೊತ್ತು ಬಂದ ಜಡ್ಡಿಗೆ ಬೀಡಿಯ ಲೆಕ್ಕ ಯಾಕೆ ಅನ್ನುವ ಹಾಗೆ ನನ್ನ ಕಡೆ ನೋಡಿದ. ಭಾರ ಒಂದೇ ಕಾರಣ ಅಲ್ಲವಂತೆ. ಕೆಲವರಿಗೆ ಹುಟ್ಟಿನಿಂದಲೇ ಅಲ್ಲಿನ ಗೋಡೆ ದುರ್ಬಲ. ಕೆಮ್ಮು, ತಿಣುಕು ಅದನ್ನು ಇನ್ನಷ್ಟು ಹಿಗ್ಗಿಸುತ್ತವೆ. ಬೀಡಿ ಬಿಡದಿದ್ದರೆ ಗಾಯ ಕೂಡುವುದೂ ನಿಧಾನ. ‘ಆವತ್ತು ರಾತ್ರಿ ಸಿಕ್ಕೊಂಡಿತ್ತಲ್ಲ, ಮತ್ತ ಹಂಗಾಗಿ ರಕ್ತ ನಿಂತ್ರ ಕರುಳು ಕೊಳೀತದ. ಆಗ ಪುರಸೊತ್ತು ಇರಂಗಿಲ್ಲ’ ಅಂದರು. ಅಷ್ಟಕ್ಕೆ ಕಾಕಾ ಆಪರೇಷನ್ನಿಗೆ ಹ್ಞೂಂ ಅಂದ.

‘ಒಳಗ ಒಂದು ಜಾಳಿಗಿ ಹಾಕ್ತೀವಿ’ ಅಂದಿದ್ದೇ ತಡ, ಎದ್ದು ನಿಂತುಬಿಟ್ಟ.

ಇದಕ್ಕೆ ನಮ್ಮ ತಮ್ಮನ ಫೋನೇ ಕಾರಣ. ಗೋಡೆಗೆ ಆಸರೆಯಾಗಿ ಹಾಕುವ ಈ ಜಾಳಿಗೆಗೆ ಇಂಗ್ಲಿಷಿನಲ್ಲಿ ಮೆಶ್ ಅನ್ನುತ್ತಾರೆ. ಅದನ್ನು ಹಾಕಿಸಿಕೊಂಡು ಕಷ್ಟಪಟ್ಟವರು, ಕೋರ್ಟಿಗೆ ಹೋದವರು, ಎಲ್ಲಾ ವಿಡಿಯೊ ಕಾಕಾನಿಗೆ ತೋರಿಸಿದ್ದ. ಆ ಗಲಾಟೆ ಸುಮ್ನೆ ಹುಟ್ಟಿದ್ದಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಬೇರೆಯದೇ ಆಪರೇಷನ್ನಿನದು. ಹೆಂಗಸರಲ್ಲಿ ಗರ್ಭಕೋಶ, ಮೂತ್ರಕೋಶ ಜಾರಿದಾಗ ಯೋನಿಯ ಮೂಲಕ ಹಾಕುವ ಮೆಶ್ ಅದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು. ಹರ್ನಿಯಾದ ಮೆಶ್‌ಗಳಲ್ಲೂ ಕೆಲವನ್ನು ಕಂಪನಿಗಳು ವಾಪಸ್ ಪಡೆದಿವೆ, ಕೇಸುಗಳೂ ನಡೆದಿವೆ. ಡಾಕ್ಟರು ಇದನ್ನೆಲ್ಲ ಬಿಡಿಸಿ ಹೇಳಿದರು. ಕಾಕಾನ ತಲೆಗೆ ಒಂದೂ ಹೋಗಲಿಲ್ಲ. ‘ಪ್ಲಾಸ್ಟಿಕ್ ಅಲ್ರಿ ಅದು? ಸಾಯೋತನಕ ಒಳಗ ಇರ್ತದ?’ ಇಷ್ಟೇ ಅವನ ಪ್ರಶ್ನೆ.

ಆಗ ಡಾಕ್ಟರು ಡ್ರಾಯರ್ ಎಳೆದು ಒಂದು ಪಾಕೀಟು ತೆಗೆದರು. ತಾರೀಕು ಮುಗಿದದ್ದು, ತೋರಿಸಲಿಕ್ಕೆ ಅಂತಲೇ ಇಟ್ಟುಕೊಂಡಿದ್ದರು. ಒಳಗಿದ್ದ ಬಿಳಿ ತುಂಡನ್ನು ಕಾಕಾನ ಕೈಗೆ ಕೊಟ್ಟರು. ಆರಿಂಚು ಉದ್ದ, ಮೂರಿಂಚು ಅಗಲ. ಕಾಕಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಎರಡೂ ಕಡೆಯಿಂದ ಎಳೆದ. ಬಾಯಿ ಹತ್ತಿರ ತಂದು ಊದಿ, ಗಾಳಿ ಆ ಕಡೆ ಹೋಗುತ್ತದಾ ಅಂತ ಅಂಗೈ ಒಡ್ಡಿ ನೋಡಿದ. ಆಮೇಲೆ ಕೇಳಿದ: ‘ಇದು ಮಚ್ಚರದಾನಿ ಅಲ್ರಿ ಡಾಕ್ಟ್ರ?’

ಡಾಕ್ಟರು ಜೋರಾಗಿ ನಕ್ಕರು. ‘ಯಜಮಾನ್ರ, ನೀವು ಹೇಳಿದ್ದು ಭಾಳ ತಪ್ಪಲ್ಲ’ ಅಂದರು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಸಣ್ಣ ಊರಿನಲ್ಲಿ ಟೊಂಗಾಂವ್ಕರ್ ಅಂತ ಒಬ್ಬ ಸರ್ಜನ್. ಕಂಪನಿ ಮೆಶ್‌ನ ಬೆಲೆ ಬಡವರ ಕೈಗೆ ಎಟುಕುವುದಿಲ್ಲ ಅಂತ ಸೊಳ್ಳೆ ಪರದೆ ಬಟ್ಟೆಯನ್ನೇ ಕತ್ತರಿಸಿ, ಕ್ರಿಮಿ ಇಲ್ಲದ ಹಾಗೆ ಶುದ್ಧಮಾಡಿ ಹಾಕಿದರು. ಆಮೇಲೆ ಉಗಾಂಡದಲ್ಲಿ 302 ಗಂಡಸರ ಮೇಲೆ ಇದರ ಪರೀಕ್ಷೆಯೂ ಆಯಿತು. ಕೆಲವರಿಗೆ ಸೊಳ್ಳೆ ಪರದೆ, ಕೆಲವರಿಗೆ ಕಂಪನಿ ಮೆಶ್. ಒಂದು ವರ್ಷದ ನಂತರ ನೋಡಿದರೆ ಪರದೆಯವರಲ್ಲಿ ಒಬ್ಬನಿಗೆ ಮಾತ್ರ ಹರ್ನಿಯಾ ಮರುಕಳಿಸಿತ್ತು, ಕಂಪನಿ ಮೆಶ್‌ನವರಲ್ಲಿ ಯಾರಿಗೂ ಇಲ್ಲ. 2016ರಲ್ಲಿ ಅದು ಪ್ರಕಟವಾಯಿತು. ‘ನಿಮಗ ಹಾಕೋದು ಕಂಪನಿದೇ’ ಅಂತ ಡಾಕ್ಟರು ಕೂಡಲೇ ಸೇರಿಸಿದರು. ಇಲ್ಲದಿದ್ದರೆ ಕಾಕಾ ಬರುವಾಗ ಬಜಾರಿನಿಂದ ಒಂದು ಪರದೆ ತಂದುಬಿಡುತ್ತಿದ್ದನೇನೋ!

‘ನೀವು ಹೊರೋ ಬಿಳಿ ಅಕ್ಕಿ ಚೀಲ ಇರ್ತದಲ್ಲ, ಅದೂ ಪಾಲಿಪ್ರೊಪಿಲಿನ್ ಅನ್ನೋ ಪ್ಲಾಸ್ಟಿಕ್ಕೇ, ಈ ಮೆಶ್ಶೂ ಅದೇ ಜಾತಿ’ ಅಂದರು ಡಾಕ್ಟರು. ಇದು ಕಾಕಾನಿಗೆ ನಾಟಿತು. ಚೀಲದ ವಿಷಯ ಬಂದರೆ ಅವನೇ ಮಾಸ್ತರ. ‘ಹಂಗಾರ ಹರಿದ ಚೀಲಕ್ಕ ತ್ಯಾಪಿ ಹಚ್ಚಿದಂಗ. ಎರಡೂ ಅಂಚು ಎಳದು ಹೊಲದ್ರ ಪಕ್ಕದಾಗ ಹರೀತದ’ ಅಂದ.

ನೂರು ವರ್ಷ ಸರ್ಜನ್‌ಗಳು ಒದ್ದಾಡಿದ್ದೂ ಇದರ ಜೊತೆಗೇ. 1880ರ ದಶಕದಲ್ಲಿ ಇಟಲಿಯ ಬಸ್ಸಿನಿ ಅಂಚಿಗೆ ಅಂಚು ಸೇರಿಸಿ ಹೊಲಿಯುವುದನ್ನು ತೋರಿಸಿಕೊಟ್ಟ. ಎಷ್ಟೋ ಜೀವ ಉಳಿದವು, ಆದರೆ ಹೊಲಿಗೆ ಬಿಗಿಯಾಗಿ ಎಳೆದು ನೋವು ಜಾಸ್ತಿ, ಮರುಕಳಿಸುವುದೂ ಜಾಸ್ತಿ. ಎಳೆಯದೆ ಮೇಲೆ ಮೆಶ್ ಹಾಸುವ ವಿಧಾನವನ್ನು ಲಾಸ್ ಏಂಜಲೀಸ್‌ನ ಲಿಕ್ಟೆನ್‌ಸ್ಟೈನ್ 1980ರ ದಶಕದಲ್ಲಿ ರೂಢಿಗೆ ತಂದರು. ಮೆಶ್‌ನ ತೂತುಗಳ ಒಳಗೆ ನಮ್ಮದೇ ಮಾಂಸ ಬೆಳೆದು ಎರಡೂ ಒಂದಾಗುತ್ತವೆ. ಡಾಕ್ಟರು ಕತ್ತರಿ ತೆಗೆದುಕೊಂಡು ಆ ತುಂಡಿನ ಒಂದು ತುದಿಯನ್ನು ಸೀಳಿ, ಅದರೊಳಗೆ ಪೆನ್ನು ತೂರಿಸಿದರು. ವೃಷಣದಿಂದ ಬರುವ ವೀರ್ಯನಾಳ, ಅದರ ರಕ್ತನಾಳ ಇರುವ ಹುರಿಗೆ ಹೀಗೆ ದಾರಿ ಬಿಡಬೇಕಂತೆ.

ಮೆಶ್ ಇಲ್ಲದೆ ಆಗುವುದಿಲ್ವಾ ಅಂತ ನಾನೇ ಕೇಳಿದೆ. ಆಗುತ್ತದೆ. ಕೆನಡಾದ ಶೌಲ್ಡೈಸ್ ಆಸ್ಪತ್ರೆಯಲ್ಲಿ ಬಹುತೇಕ ಎಲ್ಲರಿಗೂ ಬರೀ ಹೊಲಿಗೆಯಲ್ಲೇ ಮಾಡುತ್ತಾರೆ. ಪುಣೆಯ ದೇಸರ್ಡಾ ಅವರದೂ ಒಂದು ವಿಧಾನ ಇದೆ, ರೋಗಿಯದೇ ಪೊರೆಯ ಪಟ್ಟಿ ಬಳಸುವುದು. ‘ನನ್ನ ಕೈಗೆ ರೂಢಿ ಇರೋದು ಮೆಶ್’ ಅಂದರು ಡಾಕ್ಟರು. ಆ ನೇರ ಮಾತು ನನಗೆ ಇಷ್ಟವಾಯಿತು. ನೂರರಲ್ಲಿ ಹತ್ತು ಜನಕ್ಕೆ ಮೂರು ತಿಂಗಳ ಮೇಲೂ ನೋವು ಉಳಿಯಬಹುದು ಅಂತಲೂ ಮುಚ್ಚುಮರೆ ಇಲ್ಲದೆ ಹೇಳಿದರು. ಕಾಕಾ ಸಹಿ ಹಾಕಿದ. ಆ ತುಂಡು ಕೈಗೆ ಸಿಗದಿದ್ದರೆ ಅವನು ಅವತ್ತೇ ಸಿಂಧನೂರು ಬಸ್ಸು ಹತ್ತುತ್ತಿದ್ದ, ನನಗೆ ಗೊತ್ತು. ಎಲ್ಲಾ ಡಾಕ್ಟರೂ ಡ್ರಾಯರಿನಲ್ಲಿ ಇಂಥದ್ದೊಂದು ಇಟ್ಟುಕೊಳ್ಳಬಾರದಾ?

ಆಪರೇಷನ್ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಬೆನ್ನಿಗೆ ಇಂಜೆಕ್ಷನ್, ಕಾಲು ಜೋಮು, ಕಾಕಾ ಎಚ್ಚರ. ಮೂತ್ರ ಬರಲಿಲ್ಲ ಅಂತ ರಾತ್ರಿ ನಳಿಗೆ ಹಾಕಬೇಕಾಯಿತು. ಅದೇ ಅವನಿಗೆ ದೊಡ್ಡ ಅವಮಾನ.

ನಿಜವಾದ ತಕರಾರು ಊರಿಗೆ ಹೋದ ಮೇಲೆ ಬಂತು. ಮೂರು ತಿಂಗಳು ಭಾರ ಎತ್ತಬೇಡಿ ಅಂತ ಡಾಕ್ಟರು ಬರೆದಿದ್ದರು. ಹಮಾಲಿಗೆ ಕೂಲಿ ಚೀಲದ ಲೆಕ್ಕ, ರಜೆಗೆ ಯಾರು ಕೊಡುತ್ತಾರೆ? ಒಬ್ಬ ಗಂಡಾಳು 55 ಕೆಜಿಗಿಂತ ಜಾಸ್ತಿ ಹೊರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮ ಚೀಲ ಮಾತ್ರ ಇನ್ನೂ 75ರಲ್ಲೇ ಇದೆ. ಕೊನೆಗೆ ಅವನ ಗ್ಯಾಂಗಿನವರೇ ಸೇರಿ ಅವನನ್ನು ಚೀಲದ ಬಾಯಿ ಹೊಲಿಯಲು ಕೂರಿಸಿದರು. ಕೂಲಿ ಕಡಿಮೆ, ಆದರೆ ಕೈಗೆ ದಬ್ಬಣ ಬಿಟ್ಟರೆ ಬೇರೆ ಭಾರ ಇಲ್ಲ.

ಬಲಗಡೆ ಈಗ ಆರಾಮ. ಚಳಿ ಬಿದ್ದಾಗ ಸ್ವಲ್ಪ ಜಗ್ಗಿದ ಹಾಗೆ ಆಗುತ್ತದಂತೆ. ಬೀಡಿ ಪೂರ್ತಿ ಬಿಟ್ಟಿಲ್ಲ. ಮೊನ್ನೆ ಚಿಗವ್ವ ಮತ್ತೆ ಫೋನ್ ಮಾಡಿದ್ದಳು, ಎಡಗಡೆ ಸಣ್ಣಗೆ ಉಬ್ಬಿದೆಯಂತೆ. ಕಾಕಾನಿಗೆ ಫೋನ್ ಕೊಡು ಅಂದೆ. ‘ಸುಗ್ಗಿ ಮುಗೀಲಿ, ನಾನೇ ಬರ್ತೀನಿ. ಆ ಡಾಕ್ಟ್ರು ಅಲ್ಲೇ ಇದ್ದಾರಿಲ್ಲೋ ಕೇಳಿಡು’ ಅಂದ.