ನೂರಕ್ಕೆ 57 ಬಂದರೂ ಸೋತ ಪ್ರಶ್ನೆ

2024ರ ನವೆಂಬರ್ 5ರಂದು ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಟ್ರಂಪ್‌ಗೆ ಬಿದ್ದ ಮತ ನೂರಕ್ಕೆ 56. ಅದೇ ದಿನ, ಅದೇ ಬ್ಯಾಲೆಟ್‌ನಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಬೇಕೇ ಎಂಬ ಪ್ರಶ್ನೆಯೂ ಇತ್ತು. ನಾಲ್ಕನೇ ತಿದ್ದುಪಡಿ ಅಂತ ಅದರ ಹೆಸರು. ಅದಕ್ಕೆ ‘ಹೌದು’ ಅಂದವರು 57. ಟ್ರಂಪ್ ಗೆದ್ದರು, ತಿದ್ದುಪಡಿ ಬಿದ್ದುಹೋಯಿತು. ಅಭ್ಯರ್ಥಿಗೆ ಎದುರಾಳಿಗಿಂತ ಒಂದು ಮತ ಹೆಚ್ಚು ಬಂದರೆ ಸಾಕು, ತಿದ್ದುಪಡಿಗೆ ಮಾತ್ರ 60 ಬೇಕು. ಈ 60ರ ನಿಯಮ ಬಂದದ್ದು 2006ರಲ್ಲಿ, ಜನರ ಮತದಿಂದಲೇ. ಆಗ ಅದರ ಪರ ಬಿದ್ದದ್ದು 58ಕ್ಕೂ ಕಡಿಮೆ. ತಾನೇ ಇಟ್ಟ ಪರೀಕ್ಷೆಯಲ್ಲಿ ತಾನೇ ಪಾಸಾಗದ ನಿಯಮ ಅದು!

ಗರ್ಭಪಾತದ ಹಕ್ಕು ಡೆಮಾಕ್ರಾಟರದು, ವಿರೋಧ ರಿಪಬ್ಲಿಕನ್ನರದು ಎಂದು ನಮ್ಮ ಪತ್ರಿಕೆಗಳು ಒಂದೇ ಸಾಲಲ್ಲಿ ಮುಗಿಸಿಬಿಡುತ್ತವೆ. ಪಕ್ಷಗಳ ಮಟ್ಟಿಗೆ ಅದು ಸರಿಯೇ, ಮತದಾರರ ಮಟ್ಟಿಗೆ ಅಲ್ಲ. 2022ರ ಜೂನ್ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಡಾಬ್ಸ್ ತೀರ್ಪು ಕೊಟ್ಟು, ದೇಶಕ್ಕೆಲ್ಲ ಇದ್ದ ಗರ್ಭಪಾತದ ಹಕ್ಕನ್ನು ತೆಗೆದು, ವಿಷಯವನ್ನು ರಾಜ್ಯಗಳ ತಲೆಗೆ ಕಟ್ಟಿತು. 2024ರಲ್ಲಿ ಅರಿಜೋನಾ, ಮಿಸ್ಸೌರಿ, ಮೊಂಟಾನಾ, ನೆವಾಡಾ ನಾಲ್ಕೂ ಕಡೆ ಟ್ರಂಪ್ ಗೆದ್ದರು; ನಾಲ್ಕೂ ಕಡೆ ಗರ್ಭಪಾತದ ಹಕ್ಕಿನ ಪ್ರಶ್ನೆಯೂ ಗೆದ್ದಿತು. ಒಂದೇ ಹಾಳೆಯಲ್ಲಿ ಎರಡಕ್ಕೂ ಗುರುತು ಹಾಕಿದವರು ಲಕ್ಷಗಟ್ಟಲೆ. ಹಾಗಾಗಿ ಪಕ್ಷಗಳ ಜಗಳ ಈಗ ಹಕ್ಕು ಬೇಕೋ ಬೇಡವೋ ಅನ್ನುವುದಕ್ಕಿಂತ ಹೆಚ್ಚಾಗಿ ಪ್ರಶ್ನೆಯ ಒಕ್ಕಣೆ, ದಿನಾಂಕ, ಸಹಿ, ಶೇಕಡಾವಾರು ಇವುಗಳ ಸುತ್ತ ನಡೆಯುತ್ತಿದೆ. ನೋಡಬೇಕಾದ್ದೂ ಅಲ್ಲೇ.

ಮೊದಲು ಒಕ್ಕಣೆ. 2022ರ ಆಗಸ್ಟ್ 2ರಂದು ಕ್ಯಾನ್ಸಸ್‌ನಲ್ಲಿ ಕೇಳಿದ್ದು, ರಾಜ್ಯದ ಸಂವಿಧಾನದಲ್ಲಿ ಗರ್ಭಪಾತದ ಹಕ್ಕು ಇಲ್ಲ ಎಂದು ಸೇರಿಸೋಣವೇ ಅಂತ. ‘ಹೌದು’ ಅಂದರೆ ಹಕ್ಕು ಇಲ್ಲ, ‘ಇಲ್ಲ’ ಅಂದರೆ ಹಕ್ಕು ಇದೆ. ಹಿಂದಿನ ದಿನ ಸಾವಿರಾರು ಫೋನುಗಳಿಗೆ, ‘ಹೌದು’ ಒತ್ತಿದರೆ ಹೆಣ್ಣಿನ ಆಯ್ಕೆ ಉಳಿಯುತ್ತದೆ ಎಂಬ ಅರ್ಥದ ಮೆಸೇಜು ಬಂತು, ಪೂರಾ ಉಲ್ಟಾ. ಪ್ರಶ್ನೆ ಇಟ್ಟಿದ್ದು ಆಗಸ್ಟ್‌ನಲ್ಲಿ, ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸಿಕೊಳ್ಳುವ ಪ್ರೈಮರಿಯ ದಿನ. ಪಕ್ಷಕ್ಕೆ ಸೇರದ ಮತದಾರರು ಆ ದಿನ ಸಾಮಾನ್ಯವಾಗಿ ಮನೆಯಲ್ಲೇ ಇರುತ್ತಾರೆ. ಅಷ್ಟಾದರೂ ‘ಇಲ್ಲ’ 59ಕ್ಕೆ ಗೆದ್ದಿತು, ಅದೂ 2020ರಲ್ಲಿ ಟ್ರಂಪ್ 56 ಪಡೆದಿದ್ದ ರಾಜ್ಯದಲ್ಲಿ.

ಓಹಾಯೋದ್ದು ಇನ್ನೂ ಸೊಗಸು. 2023ರ ನವೆಂಬರ್‌ನಲ್ಲಿ ಗರ್ಭಪಾತದ ಪ್ರಶ್ನೆ ಬರಲಿದೆ ಎಂದು ಗೊತ್ತಾದ ಮೇಲೆ, ಅಲ್ಲಿನ ರಿಪಬ್ಲಿಕನ್ ಶಾಸಕರು ಆಗಸ್ಟ್ 8ಕ್ಕೆ ವಿಶೇಷ ಮತದಾನ ಕರೆದರು. ತಿದ್ದುಪಡಿ ಗೆಲ್ಲಲು ಬೇಕಾದ ಮತವನ್ನು 50ರಿಂದ 60ಕ್ಕೆ ಏರಿಸುವುದು, ಪ್ರಶ್ನೆಯನ್ನು ಬ್ಯಾಲೆಟ್‌ಗೆ ತರಲು ಬೇಕಾದ ಸಹಿ ಸಂಗ್ರಹವನ್ನು 44 ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಬದಲು ಎಲ್ಲ 88 ಕೌಂಟಿಗಳಲ್ಲೂ ಮಾಡಲೇಬೇಕು ಅನ್ನುವುದು ಅದರ ಸಾರ. ಜನ 57–43ರಿಂದ ತಳ್ಳಿಹಾಕಿದರು. ನವೆಂಬರ್ 7ಕ್ಕೆ ಗರ್ಭಪಾತದ ತಿದ್ದುಪಡಿಗೆ ಬಂದದ್ದು 57ರ ಹತ್ತಿರ. ಆಗಸ್ಟ್‌ನದು ಪಾಸಾಗಿದ್ದರೆ ಇದು ಫ್ಲಾರಿಡಾದ ಹಾಗೆಯೇ ಬೀಳುತ್ತಿತ್ತು. ಎರಡಕ್ಕೂ ‘ಇಶ್ಯೂ 1’ ಎಂಬ ಒಂದೇ ಹೆಸರು. ಆಗಸ್ಟ್‌ನಲ್ಲಿ ಇಶ್ಯೂ 1ಕ್ಕೆ ‘ಇಲ್ಲ’ ಅನ್ನಿ ಎಂದು ಬೋರ್ಡು ಹಿಡಿದವರೇ ನವೆಂಬರ್‌ನಲ್ಲಿ ಇಶ್ಯೂ 1ಕ್ಕೆ ‘ಹೌದು’ ಅನ್ನಿ ಎಂದು ಮನೆಮನೆ ಅಲೆಯಬೇಕಾಯಿತು.

ಸಹಿಯ ಹಂತದಲ್ಲೇ ಕತೆ ಮುಗಿಯುವುದೂ ಉಂಟು. ಅರ್ಕಾನ್ಸಾಸ್‌ನಲ್ಲಿ 2024ಕ್ಕೆ ಬೇಕಿದ್ದದ್ದು 90,704 ಸಹಿ, ಕೊಟ್ಟದ್ದು ಒಂದು ಲಕ್ಷಕ್ಕೂ ಹೆಚ್ಚು. ಅದರಲ್ಲಿ ಸಂಬಳಕ್ಕೆ ಸಹಿ ಸಂಗ್ರಹಿಸಿದವರ ಪಾಲು 14 ಸಾವಿರ ಚಿಲ್ಲರೆ. ಅವರಿಗೆ ತರಬೇತಿ ಕೊಟ್ಟಿದ್ದೇವೆ ಎಂಬ ದೃಢೀಕರಣ ಪತ್ರ ಸಹಿಗಳ ಜೊತೆ ಸರಿಯಾಗಿ ಸಲ್ಲಿಕೆಯಾಗಿಲ್ಲ ಎಂದು ಅಧಿಕಾರಿ ಅಷ್ಟನ್ನೂ ಕಳೆದರು. ಉಳಿದದ್ದು 87,382. ಆಗಸ್ಟ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಯಾವ ಸಹಿಯೂ ನಕಲಿ ಅಂತ ಅಲ್ಲ, ಒಂದು ಕಾಗದ ಕಮ್ಮಿ ಅಷ್ಟೇ. ನಮ್ಮ ತಾಲ್ಲೂಕು ಕಚೇರಿ ಕಂಡವರಿಗೆ ಇದು ಹೊಸದಲ್ಲ.

ಇನ್ನು ‘ಆರು ವಾರ’. ಫ್ಲಾರಿಡಾದಲ್ಲಿ 2024ರ ಮೇ 1ರಿಂದ ಜಾರಿಯಲ್ಲಿರುವ ಗರ್ಭಪಾತದ ಗಡಿ ಇದು. ಕೇಳಿದರೆ ಒಂದೂವರೆ ತಿಂಗಳು, ಸಾಕಷ್ಟು ಕಾಲಾವಕಾಶ ಅನ್ನಿಸುತ್ತದೆ. ಆದರೆ ವೈದ್ಯರು ಎಣಿಸುವುದು ಗರ್ಭ ಕಟ್ಟಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಜೂನ್ 1ಕ್ಕೆ ಮುಟ್ಟಾಯಿತು ಅಂತಿಟ್ಟುಕೊಳ್ಳಿ. 28 ದಿನದ ಚಕ್ರದವರಿಗೆ ಅಂಡ ಹೊರಬರುವುದು ಜೂನ್ 14–15ರ ಹೊತ್ತಿಗೆ. ಜೂನ್ 29ಕ್ಕೆ ಮುಂದಿನ ಮುಟ್ಟು ಬರಬೇಕು, ಬರಲಿಲ್ಲ. ಅನುಮಾನ ಹುಟ್ಟುವ ಆ ದಿನಕ್ಕೇ ಕಾನೂನಿನ ಲೆಕ್ಕದಲ್ಲಿ ನಾಲ್ಕು ವಾರ ಕಳೆದಿರುತ್ತದೆ. ಜುಲೈ 13ಕ್ಕೆ ಆರು. ಟೆನ್ಷನ್ನಿಗೋ ಓಡಾಟಕ್ಕೋ ತಡವಾಗಿರಬೇಕು ಎಂದು ನಾಲ್ಕೈದು ದಿನ ಕಾದರೆ ಉಳಿಯುವುದು ಒಂಬತ್ತು ಹತ್ತು ದಿನ. ಅಷ್ಟರಲ್ಲೇ ಮನೆಯ ಕಿಟ್‌ನಲ್ಲಿ ಪರೀಕ್ಷೆ, ಅಪಾಯಿಂಟ್‌ಮೆಂಟು, ಸ್ಕ್ಯಾನು, ದುಡ್ಡು, ರಜೆ. ಅದರ ಮೇಲೆ ಖುದ್ದಾಗಿ ಎರಡು ಸಲ ಹೋಗಬೇಕು, ನಡುವೆ 24 ಗಂಟೆ ಕಳೆದಿರಬೇಕು. ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇದ್ದು ಚಕ್ರ 40 ದಿನಕ್ಕೆ ಎಳೆಯುವವರ ಲೆಕ್ಕ ಹಾಕಿ ನೋಡಿ. ಅವರಿಗೆ ಮುಟ್ಟು ತಪ್ಪುವುದೇ ಜುಲೈ 11ಕ್ಕೆ. ಕೈಯಲ್ಲಿ ಎರಡು ದಿನ.

ಭಾರತದಲ್ಲಿ 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆ, 2021ರ ತಿದ್ದುಪಡಿಯ ನಂತರ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, ನಿಗದಿಪಡಿಸಿದ ಕೆಲವು ವರ್ಗದವರಿಗೆ 24ರವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಅನುಮತಿ ಕೊಡುತ್ತದೆ. ನಿರ್ಧಾರ ವೈದ್ಯರದ್ದು, ಹೆಣ್ಣಿನ ಹಕ್ಕಲ್ಲ ಎಂಬ ತಕರಾರು ನ್ಯಾಯವೇ. ಆದರೂ ಇಲ್ಲಿ ಯಾರೂ ಇದನ್ನು ಹಿಡಿದು ಮತ ಕೇಳುವುದಿಲ್ಲ.

ಆರೋಗ್ಯದ ಪ್ರಶ್ನೆ ನಿಜವಾಗಿ ಬಿಗಿಯಾಗುವುದು ಬೇಕಾಗಿಯೇ ಬಸುರಾದವರಲ್ಲಿ. ಹದಿನೇಳು, ಹದಿನೆಂಟು ವಾರಕ್ಕೇ ಗರ್ಭದ ನೀರು ಒಡೆದುಹೋದರೆ ಮಗು ಉಳಿಯುವ ಆಸೆ ಬಹಳ ಕಡಿಮೆ. ಹೃದಯ ಬಡಿತ ಮಾತ್ರ ಇನ್ನೂ ಇರುತ್ತದೆ. ಚೀಲ ಒಡೆದ ಮೇಲೆ ಯೋನಿಯ ಬ್ಯಾಕ್ಟೀರಿಯಾ ಒಳಗೆ ಹೋಗಲು ತಡೆಯಿಲ್ಲ. ಆಂಟಿಬಯಾಟಿಕ್ ಕೊಟ್ಟು ಕಾಯುವುದು ಒಂದು ದಾರಿ, ಗರ್ಭ ಖಾಲಿ ಮಾಡುವುದು ಇನ್ನೊಂದು. ಎರಡನ್ನೂ ತಾಯಿಯ ಮುಂದಿಟ್ಟು ಕೇಳುವುದು ಸರಿಯಾದ ಕ್ರಮ. ಚಳಿ, 38 ಡಿಗ್ರಿ ದಾಟಿದ ಜ್ವರ, ನೂರು ಮೀರಿದ ನಾಡಿ, ದುರ್ವಾಸನೆಯ ಸ್ರಾವ ಇವು ನಂಜಿನ ಗುರುತು. ನಂಜು ಮೈಗೆಲ್ಲ ಏರುವ ಸೆಪ್ಸಿಸ್‌ಗೆ ತಿರುಗಿದರೆ ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ. ‘ಜೀವಕ್ಕೆ ಅಪಾಯ ಬಂದಾಗ ಮಾತ್ರ’ ಎಂದು ಕಾನೂನು ಬರೆದವರು ಅಪಾಯ ಅಂದರೆ ಎಷ್ಟು ಎಂದು ಅಳತೆ ಕೊಟ್ಟಿರುವುದಿಲ್ಲ. ವೈದ್ಯರು ಆಗ ಥರ್ಮಾಮೀಟರ್ ನೋಡುತ್ತಾ ಕಾಯುತ್ತಾರೆ.

ಬೆಳಗಾವಿಯ ಸವಿತಾ ಹಾಲಪ್ಪನವರ್ ತೀರಿಕೊಂಡದ್ದು ಹೀಗೆಯೇ. ದಂತವೈದ್ಯೆ, 31 ವಯಸ್ಸು. 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇಯಲ್ಲಿ ಬೆನ್ನುನೋವೆಂದು ಆಸ್ಪತ್ರೆಗೆ ಹೋದರು, 17 ವಾರ. ನೀರು ಒಡೆಯಿತು, ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ತೆಗೆದುಬಿಡಿ ಎಂದು ಕೇಳಿದರು. ಬಡಿತ ಇದೆ, ಆಗುವುದಿಲ್ಲ ಎಂಬ ಉತ್ತರ ಬಂತು. 28ಕ್ಕೆ ಸೆಪ್ಸಿಸ್‌ನಿಂದ ಸಾವು. ಸೋಂಕಿನ ಗುರುತುಗಳನ್ನು ಸರಿಯಾಗಿ ಗಮನಿಸಲಿಲ್ಲ ಎಂದೂ ತನಿಖೆ ಹೇಳಿತು. ತಪ್ಪನ್ನು ಕಾನೂನೊಂದರ ಮೇಲೇ ಹೊರಿಸುವುದು ಸರಿಯಾಗದು. ಆದರೆ ಗರ್ಭದ ಜೀವಕ್ಕೂ ತಾಯಿಯ ಜೀವದಷ್ಟೇ ಹಕ್ಕು ಕೊಟ್ಟಿದ್ದ ಆ ಕಾನೂನು ಐರಿಷ್ ಸಂವಿಧಾನಕ್ಕೆ ಸೇರಿದ್ದು 1983ರಲ್ಲಿ ನೂರಕ್ಕೆ ಸುಮಾರು 67 ಮತದಿಂದ, ಹೊರಬಿದ್ದದ್ದು 2018ರ ಮೇ 25ರಂದು 66ರಿಂದ. ಬರಿಯ ಬಹುಮತ ಸಾಕಿತ್ತು. ದೊಡ್ಡ ಪಕ್ಷಗಳೆರಡೂ ತಮ್ಮ ಸದಸ್ಯರನ್ನು ಅವರವರ ಮನಸ್ಸಿಗೆ ಬಿಟ್ಟಿದ್ದವು. ಡಬ್ಲಿನ್‌ನ ಗೋಡೆಯ ಮೇಲಿದ್ದ ಸವಿತಾ ಅವರ ಚಿತ್ರದ ಸುತ್ತ ಜನ ಚೀಟಿ ಅಂಟಿಸಿ ಹೋದರು.

ಟೆಕ್ಸಾಸ್‌ನಲ್ಲಿ ಆ ದಾರಿಯೇ ಇಲ್ಲ. ಜನ ಸಹಿ ಹಾಕಿ ಪ್ರಶ್ನೆಯನ್ನು ಬ್ಯಾಲೆಟ್‌ಗೆ ತರುವ ಅವಕಾಶ ಅಲ್ಲಿನ ಸಂವಿಧಾನದಲ್ಲಿಲ್ಲ, ಏನಿದ್ದರೂ ಶಾಸನಸಭೆಯೇ ಮಾಡಬೇಕು. ಹಾಗಾಗಿ ಅಲ್ಲಿ ಪಕ್ಷಕ್ಕೆ ಹಾಕುವ ಮತವೇ ಈ ವಿಷಯಕ್ಕೂ ಮತ. ಗರ್ಭಪಾತದ ನಿಷೇಧ ಮೀರಿದ ವೈದ್ಯರಿಗೆ 99 ವರ್ಷದವರೆಗೆ ಜೈಲು, ಕನಿಷ್ಠ ಒಂದು ಲಕ್ಷ ಡಾಲರ್ ದಂಡ, ಲೈಸೆನ್ಸ್ ರದ್ದು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ನಲ್ಲಿರುವ ನಮ್ಮವರಲ್ಲಿ ಅನೇಕರು ಎಚ್-1ಬಿ, ಎಚ್-4 ವೀಸಾ, ಗ್ರೀನ್ ಕಾರ್ಡಿನವರು. ಕಾನೂನು ತಟ್ಟುವುದಕ್ಕೆ ಅಲ್ಲಿದ್ದರೆ ಸಾಕು, ಮತ ಹಾಕುವುದಕ್ಕೆ ಪೌರತ್ವ ಬೇಕು. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಮತದಾರರ ಪಟ್ಟಿಗೆ ಸೇರಿಸಲೇ ಎಂದು ಕೇಳಿದಾಗ ಪೌರರಲ್ಲದವರು ಮರೆತೂ ಹೌದು ಅನ್ನಬಾರದು. ಸುಳ್ಳು ಪೌರತ್ವ ಹೇಳಿಕೊಂಡರು ಎಂದಾದರೆ ಮುಂದೆ ಗ್ರೀನ್ ಕಾರ್ಡಿಗೇ ಕಲ್ಲು.

ಗೆದ್ದ ಕಡೆಯೂ ಕ್ಲಿನಿಕ್ಕಿನ ಬಾಗಿಲು ಮರುದಿನವೇ ತೆರೆಯುವುದಿಲ್ಲ. ಮಿಸ್ಸೌರಿಯಲ್ಲಿ 2024ರ ನವೆಂಬರ್‌ನಲ್ಲಿ ಮೂರನೇ ತಿದ್ದುಪಡಿ 52ರ ಹತ್ತಿರ ಬಂದು ಪಾಸಾಯಿತು. ಪಡಸಾಲೆ ಎಷ್ಟು ಅಗಲ, ಬಾಗಿಲು ಎಷ್ಟು ಅಗಲ ಎನ್ನುವಂಥ ಲೈಸೆನ್ಸ್ ಷರತ್ತುಗಳನ್ನು ಕೋರ್ಟು ತಡೆಹಿಡಿಯಲು ಫೆಬ್ರವರಿ ಆಯಿತು. ಮೇ ಕೊನೆಗೆ ಮೇಲಿನ ಕೋರ್ಟು ಗರ್ಭಪಾತವನ್ನು ಮತ್ತೆ ನಿಲ್ಲಿಸಿತು, ಜುಲೈಗೆ ಮತ್ತೆ ಶುರು. ಅಷ್ಟರಲ್ಲಿ ಶಾಸನಸಭೆ ಆ ತಿದ್ದುಪಡಿಯನ್ನೇ ತೆಗೆದುಹಾಕುವ ಹೊಸ ಪ್ರಶ್ನೆಯನ್ನು 2026ರ ಬ್ಯಾಲೆಟ್‌ಗೆ ಕಳಿಸಿತ್ತು. ಜೊತೆಗೆ ಅಪ್ರಾಪ್ತರ ಲಿಂಗ ಬದಲಾವಣೆ ಚಿಕಿತ್ಸೆಯ ನಿಷೇಧವನ್ನೂ ಅದೇ ಪ್ರಶ್ನೆಗೆ ಗಂಟು ಹಾಕಿ. ಮೊದಲು ಬರೆದ ಸಾರಾಂಶದಲ್ಲಿ, ಜನ ಒಮ್ಮೆ ಪಾಸು ಮಾಡಿದ್ದು ಇದರಿಂದ ರದ್ದಾಗುತ್ತದೆ ಎಂಬ ಮಾತೇ ಇರಲಿಲ್ಲ. ಕೋರ್ಟು ಹೇಳಿ ಬರೆಸಬೇಕಾಯಿತು.