ಶೆಟ್ಟಿಹಳ್ಳಿಯ ರೋಸರಿ ಚರ್ಚಿಗೆ ಹೋಗಿದ್ದೆ

ಹಿಂದೊಮ್ಮೆ ಮಳೆಗಾಲದಲ್ಲಿ ಬಂದಾಗ ಚರ್ಚು ಅರ್ಧ ಮುಳುಗಿತ್ತು. ದಡದಲ್ಲೇ ನಿಂತು ನೋಡಿ ವಾಪಸ್ ಹೋಗಿದ್ದೆ. ಈ ಸಲ ಏಪ್ರಿಲ್‌ನಲ್ಲಿ ಬಂದೆ. ಹಾಸನದಿಂದ ಸುಮಾರು 20 ಕಿಲೋಮೀಟರ್. ಹೇಮಾವತಿ ಹಿನ್ನೀರು ಇಳಿದು ಸುತ್ತ ಹುಲ್ಲು ಚಿಗುರಿತ್ತು. ದನಗಳು ಮೇಯುತ್ತಿದ್ದವು.

ಛಾವಣಿ ಇಲ್ಲ. ಗೋಡೆಗಳು, ಚೂಪು ಕಮಾನುಗಳು ಉಳಿದಿವೆ. ಒಂದು ಕಂಬದ ಬುಡದಲ್ಲಿ ಗಾರೆ ಕಿತ್ತು ಹೋಗಿ, ಇಟ್ಟಿಗೆ ಸಂದಿಯಲ್ಲಿ ಉಗುರಿನಷ್ಟು ಸಣ್ಣ ಚಿಪ್ಪುಗಳು ಸಿಕ್ಕಿಕೊಂಡಿದ್ದವು. ಪಕ್ಕದಲ್ಲೇ ಯಾರೋ ಹೆಸರು ಕೆತ್ತಿದ್ದಾರೆ. ನೋಡಿ ಸಂಕಟವಾಯಿತು.

1860ರ ದಶಕದಲ್ಲಿ ಇದನ್ನು ಕಟ್ಟಿಸಿದವರು ಫ್ರಾನ್ಸಿನ ಪಾದ್ರಿಗಳು. ಆಗ ಮೈಸೂರು ಸೀಮೆಯ ಕ್ಯಾಥೋಲಿಕರನ್ನು ನೋಡಿಕೊಳ್ಳುತ್ತಿದ್ದದ್ದು ಪ್ಯಾರಿಸ್ ಫಾರಿನ್ ಮಿಷನ್ಸ್ ಸೊಸೈಟಿ. ಅವರಲ್ಲೊಂದು ಪದ್ಧತಿ ಇತ್ತು. ಏಷ್ಯಾಕ್ಕೆ ಹೊರಟ ಪಾದ್ರಿಗಳು ಸಾಲಾಗಿ ನಿಲ್ಲುವರು. ಮನೆಯವರು, ಜೊತೆಗಾರರು ಬಂದು ಅವರ ಪಾದಕ್ಕೆ ಮುತ್ತಿಡುವರು. ಹೋದವರಲ್ಲಿ ಹೆಚ್ಚಿನವರು ಮತ್ತೆ ಊರು ನೋಡುತ್ತಿರಲಿಲ್ಲ.

ಈ ಚರ್ಚಿಗೂ ಮುಂಚೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ನನಗೆ ತುಂಬಾ ಇಷ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಈ ಕಡೆ ಬಂದರು. ನಮ್ಮವರ ಹಾಗೆ ಬಟ್ಟೆ ಉಟ್ಟು, ಮಾಂಸ ಬಿಟ್ಟು ಬದುಕಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಆಗಿನ್ನೂ ಸಿಡುಬು ಬಂದರೆ ಮನೆಗೆ ಮನೆಯೇ ಖಾಲಿ. ದೇವಿ ಹಾಕಿಸುವುದು, ಅಂದರೆ ಸಿಡುಬಿನ ಲಸಿಕೆ, ಹೊಸದು, ಜನಕ್ಕೆ ಭಯ. 1803-04ರಲ್ಲಿ ಅವರು ಮುಂದೆ ನಿಂತು 25,432 ಜನರಿಗೆ ದೇವಿ ಹಾಕಿಸಿದ ಲೆಕ್ಕ ಉಳಿದಿದೆ. ಅಷ್ಟು ಜನ ತೋಳು ಮುಂದೆ ಚಾಚಬೇಕಾದರೆ ಎಷ್ಟು ನಂಬಿಕೆ ಗಳಿಸಿರಬೇಕು, ಅಲ್ವಾ? 1823ರಲ್ಲಿ ಅವರು ಫ್ರಾನ್ಸಿಗೆ ವಾಪಸ್ ಹೋದರು.

ಮುಂದೆ ಹೇಮಾವತಿಗೆ ಗೊರೂರಿನ ಅಣೆಕಟ್ಟು ಬಂದಾಗ ಈ ಊರಿನವರೇ ಊರು ಬಿಡಬೇಕಾಯಿತು.

ಹೊರಡಬೇಕು ಅಂದುಕೊಳ್ಳುವಾಗ ಮೊಮ್ಮಗನ ಬೈಕಿನಲ್ಲಿ ಒಬ್ಬ ಅಜ್ಜಿ ಬಂದರು. ಬಾಗಿಲಿದ್ದ ಜಾಗದಲ್ಲಿ ಚಪ್ಪಲಿ ಬಿಟ್ಟರು. ಒಳಗೆಲ್ಲ ಸಗಣಿ, ಮುಳ್ಳು. ಆದರೂ ಬರಿಗಾಲಲ್ಲೇ ನೇರ ಬಲಿಪೀಠವಿದ್ದ ಕಡೆಗೆ ನಡೆದು ಶಿಲುಬೆ ಗುರುತು ಹಾಕಿಕೊಂಡರು. ನಾನು ಸುಮ್ನೆ ವಾಪಸ್ ಹೋಗಿ ನನ್ನ ಶೂ ಕಳಚಿಟ್ಟು ಬಂದೆ.

"ಈ ಕಡೆ ಹೆಂಗಸ್ರು, ಆ ಕಡೆ ಗಂಡಸ್ರು ಕೂರ್ತಿದ್ವಿ," ಅಂದರು. "ನಮ್ಮವ್ವನ ಮದ್ವೆ ಇಲ್ಲೇ ಆಗಿದ್ದು ಕಣಪ್ಪ. ನಂದೂ ಇಲ್ಲೇ."

ಅವರು ತೋರಿಸಿದ ಕಡೆ ನೋಡಿದೆ. ಕರುವೊಂದು ಕಮಾನಿನ ನೆರಳಲ್ಲಿ ಮಲಗಿತ್ತು.

"ಮಳೆ ಹಿಡಿಯೋದ್ರೊಳಗೆ ಇನ್ನೊಂದ್ಸಲ ಬಾ," ಎಂದು ಹೇಳಿ ಅಜ್ಜಿ ಚಪ್ಪಲಿ ಮೆಟ್ಟಿಕೊಂಡರು.