ಒಂದೇ ಥರದ ಎರಡು ಮಣಿ

ಅತ್ತಿಗೆ ಕೇಳಿದ್ದು ಒಂದು ಜೊತೆ ಓಲೆ. ಕುಂಕುಮದ ಕೆಂಪು, ಮೇಲೆ ಬಿಳಿ ಚುಕ್ಕಿ. "ಎರಡೂ ಒಂದೇ ಥರ ಇರ್ಲಿ ಕಣೇ" ಅಂದರು. ಕೈಯಲ್ಲಿ ಗಾಜಿನ ಮಣಿ ಮಾಡುವವರಿಗೆ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಆಂಧ್ರದ ಪಾಪಾನಾಯ್ಡುಪೇಟೆಯಲ್ಲಿ ಕುಲುಮೆಯಿಂದ ಗಾಜಿನ ಉದ್ದನೆಯ ಕೊಳವೆ ಎಳೆದು, ಚೂರು ಚೂರು ಕತ್ತರಿಸಿ, ಒಂದೇ ಅಳತೆಯ ಮಣಿಗಳನ್ನು ರಾಶಿಗಟ್ಟಲೆ ಮಾಡುತ್ತಾರೆ. ಪುದುಚೇರಿ ಪಕ್ಕದ ಅರಿಕಮೇಡಿನಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಹೀಗೆ ಮಾಡುತ್ತಿದ್ದರು. ನನ್ನದು ಬೇರೆ ದಾರಿ. ಗ್ಯಾಸ್ ಟಾರ್ಚಿನ ಉರಿಯಲ್ಲಿ ಗಾಜಿನ ಕಡ್ಡಿ ಕರಗಿಸಿ, ಜೇಡಿಮಣ್ಣಿನ ಲೇಪ ಕೊಟ್ಟ ಸ್ಟೀಲ್ ಕಂಬಿಗೆ ಸುತ್ತುವುದು. ಒಂದು ಸಲಕ್ಕೆ ಒಂದೇ ಮಣಿ.

ಶನಿವಾರ ಬೆಳಿಗ್ಗೆ ಕೂತೆ. 6 ಮಿಲಿಮೀಟರ್ ದಪ್ಪದ ಕಡ್ಡಿಯಲ್ಲಿ 2 ಸೆಂಟಿಮೀಟರ್ ಕರಗಿಸಿದರೆ ಸುಮಾರು 1 ಸೆಂಟಿಮೀಟರ್ ಅಗಲದ ಮಣಿಯಾಗುತ್ತದೆ. ಹಾಗಾಗಿ ಸ್ಕೇಲ್ ಪಕ್ಕದಲ್ಲೇ ಇತ್ತು. ಕಣ್ಣಿಗೆ ಡೈಡಿಮಿಯಮ್ ಕನ್ನಡಕ. ಅದಿಲ್ಲದಿದ್ದರೆ ಗಾಜಿನ ಸೋಡಿಯಂ ಚೆಲ್ಲುವ ಹಳದಿ ಬೆಳಕಲ್ಲಿ ಮಣಿ ಸರಿಯಾಗಿ ಕಾಣುವುದೇ ಇಲ್ಲ. ಕಂಬಿ ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ಗಾಜು ಒಂದು ಕಡೆ ಜೋತುಬೀಳುತ್ತದೆ. ತಿರುಗಿಸುತ್ತಾ ಹೋದರೆ ತಾನೇ ಗುಂಡಗಾಗುತ್ತದೆ. ಆ ಹೊತ್ತಿನಲ್ಲಿ ನನಗೆ ಬೇರೇನೂ ನೆನಪಿಗೆ ಬರುವುದಿಲ್ಲ. ಈ ಕೆಲಸ ಇಷ್ಟವಾಗುವುದೇ ಅದಕ್ಕೆ.

ಚುಕ್ಕಿ ಇಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಒಂದು, ಆಮೇಲೆ ಅದರ ನೇರ ಹಿಂಬದಿಗೆ ಇನ್ನೊಂದು, ನಂತರ ನಡುವೆ ಒಂದೊಂದು. ಸಾಲಾಗಿ ಇಡುತ್ತಾ ಹೋದರೆ ಅಂತರ ಸಮ ಬರುವುದಿಲ್ಲ.

ಮೊದಲ ಮಣಿ ಸೀದಾ ಕಿಲ್ನ್ ಅನ್ನುವ ಬಿಸಿ ಗೂಡಿನೊಳಗೆ ಹೋಯಿತು. ಹೊರಗೆ ಇಟ್ಟರೆ ಮೇಲ್ಭಾಗ ಬೇಗ ತಣಿದು, ಒಳಗೆ ಬಿಸಿ ಉಳಿದು, ಬಿರುಕು ಬಿಡುತ್ತದೆ. ಸುಮಾರು 510 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ನಿಧಾನವಾಗಿ ತಣಿಸಬೇಕು. ಅಂದರೆ ಎರಡನೆಯದನ್ನು ಮಾಡುವಾಗ ಮೊದಲನೆಯದು ಕಣ್ಣ ಮುಂದೆ ಇರುವುದಿಲ್ಲ! ಇದ್ದರೂ ಬಣ್ಣ ಹೋಲಿಸಲು ಆಗದು. ಬಿಸಿ ಇರುವಾಗ ಈ ಕೆಂಪು ಹೆಚ್ಚುಕಮ್ಮಿ ಕಪ್ಪಾಗಿ ಕಾಣುತ್ತದೆ. ಎಷ್ಟು ಸುತ್ತಿದೆ, ಎಷ್ಟು ಹೊತ್ತು ಉರಿ ಕೊಟ್ಟೆ ಅನ್ನುವುದು ಕೈಗೇ ನೆನಪಿರಬೇಕು.

ಭಾನುವಾರ ಕಿಲ್ನ್ ತೆಗೆದೆ. ನೀರಲ್ಲಿ ನೆನೆಸಿ ಮಣಿಗಳನ್ನು ಬಿಡಿಸಿದೆ. ತೂತಿನೊಳಗಿನ ಲೇಪವನ್ನೂ ನೀರಲ್ಲೇ ಉಜ್ಜಿದೆ, ಒಣ ಪುಡಿ ಉಸಿರಿಗೆ ಹೋಗಬಾರದು ಅಲ್ವಾ. ಅಳತೆ ಹೊಂದಿತ್ತು. ಕೆಂಪೂ ಒಂದೇ. ಒಂದರ ಚುಕ್ಕಿ ಮಾತ್ರ ಕೂದಲೆಳೆಯಷ್ಟು ದೊಡ್ಡದು. ಬೆಳ್ಳಿ ಕೊಕ್ಕೆ ಹಾಕಿ ಕೊಟ್ಟೆ. ಅತ್ತಿಗೆ ಕನ್ನಡಿ ಮುಂದೆ ನಿಂತು ಆ ಕಡೆ ಈ ಕಡೆ ತಿರುಗಿದರು. "ಇದಕ್ಕೊಂದು ಸರಾನೂ ಮಾಡ್ಕೊಡ್ತೀಯಾ?"

ನಡುವೆ ದೊಡ್ಡ ಮಣಿ, ಅಲ್ಲಿಂದ ಎರಡೂ ಕಡೆ ಚಿಕ್ಕದಾಗುತ್ತಾ ಹೋಗುವ ಸರ ಅವರಿಗೆ ಬೇಕಂತೆ. ಎಡಗಡೆಯ ಒಂದೊಂದು ಮಣಿಗೂ ಬಲಗಡೆ ಅದರ ಜೋಡಿ ಇರಬೇಕು. ಕೆಂಪು ಕಡ್ಡಿ ಜಾಸ್ತಿಯೇ ತರಿಸಿದ್ದೇನೆ.